ಮೊದಲ ತಗಡು ತೊಟ್ಟಿಗೆ

ಪುಣೆ
18 ಜೂನ್ 2024

ಅಮ್ಮನಿಗೆ ಮೀನಾಳ ನಮಸ್ಕಾರ.

ನಾಲ್ಕು ವರ್ಷದಿಂದ ನೀನು ಕೇಳುತ್ತಿರುವುದು ಒಂದೇ ಪ್ರಶ್ನೆ: "ಅಲ್ಲಿ ಕುಂತ್ಕಂಡು ಏನೇ ಮಾಡ್ತೀಯ?" ಫೋನಿನಲ್ಲಿ ಹೇಳಲು ಹೋದರೆ ನಿನಗೆ ಕೇಳಿಸದು. ಇಪ್ಪತ್ತಮೂರು ವರ್ಷ ಪಾಲಿಶ್ ಮೆಷಿನ್ನಿನ ಪಕ್ಕ ಕೂತು ನೀನು ಕಿವಿ ಕಳೆದುಕೊಂಡೆ. ಫೋನಿನ ದನಿ ತಗಡಿನ ಮೇಲೆ ಹುರುಳಿ ಸುರಿದ ಹಾಗಿರುತ್ತದೆ ಅನ್ನುತ್ತೀಯ. ಅಪ್ಪನ ಹತ್ತಿರ ಹೇಳಿದರೆ ಬೇತಮಂಗಲದ ಬಸ್ಸು ಓಡಿಸುತ್ತ ಅರ್ಧ ಮರೆತು, ಉಳಿದರ್ಧಕ್ಕೆ ಒಗ್ಗರಣೆ ಹಾಕಿ ನಿನಗೆ ಮುಟ್ಟಿಸುತ್ತಾರೆ. ಅದಕ್ಕೇ ಈ ಕಾಗದ, ಜೊತೆಗೊಂದು ಫೋಟೋ.

ನಿಮ್ಮ ಪ್ಲೇಟಿಂಗ್ ಶಾಪಿನ ನಿಕಲ್ ತೊಟ್ಟಿ ನೆನೆಸಿಕೋ. ಹಸಿರು ನೀರು, ಅದರೊಳಗೆ ನೀವು ತಂತಿ ಕಟ್ಟಿ ನೇತುಹಾಕಿದ ನಲ್ಲಿಗಳು. ಕರೆಂಟು ಬಿಟ್ಟರೆ ಅವುಗಳ ಮೈಗೆ ನಿಕಲ್ ಹತ್ತುತ್ತದೆ. ನನ್ನದೂ ಅದೇ ಕೆಲಸ, ಬೊಂಬೆಯಾಟದ ಗಾತ್ರದಲ್ಲಿ. ತೊಟ್ಟಿಯ ಬದಲು ಬೆಂಕಿಪೆಟ್ಟಿಗೆಯಷ್ಟು ಗಾಜಿನ ಡಬ್ಬಿ. ನಲ್ಲಿಯ ಬದಲು ಹೆಬ್ಬೆರಳ ಉಗುರಿನಷ್ಟು ಚಿನ್ನದ ತಗಡು. ಹಸಿರು ನೀರಿನ ಬದಲು ಅಯಾನಿಕ ದ್ರವ. ಅದು ಉಪ್ಪೇ, ಆದರೆ ಒಂದು ಹನಿ ನೀರು ಸೇರಿಸದೆಯೂ ತಾನಾಗಿ ದ್ರವವಾಗಿರುವ ಉಪ್ಪು, ಹರಳೆಣ್ಣೆಯಷ್ಟು ಮಂದ. ಕರೆಂಟು ಬಿಟ್ಟಾಗ ತಗಡಿಗೆ ಹತ್ತುವುದು ಲೋಹವಲ್ಲ, ಪಾಲಿಮರ್. ಕರೆಂಟು ಹರಿಯುವ ಒಂದು ಜಾತಿಯ ಪ್ಲಾಸ್ಟಿಕ್ ಎಂದುಕೋ. ಕೂದಲಿನ ದಪ್ಪವನ್ನು ಏಳುನೂರು ಪಾಲು ಮಾಡಿದರೆ ಒಂದು ಪಾಲು, ಅಷ್ಟು ತೆಳುವಾದ ಪದರ.

ಪದರ ಬೆಳೆದು ಮುಗಿದ ಮೇಲೆ ನೋಡುವವರು ಬಹಳ ಜನ ಇದ್ದಾರೆ. ಹುಟ್ಟುವಾಗಲೇ ನೋಡಬೇಕೆಂಬುದು ನನ್ನ ಹಟ. ಸೂಕ್ಷ್ಮದರ್ಶಕ ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ನೋಡುತ್ತದೆ. ನಾನು ಅದನ್ನು ಅಡ್ಡ ಮಲಗಿಸಿ, ಡಬ್ಬಿಯ ಪಕ್ಕದ ಗಾಜಿನಿಂದ ಒಳಗೆ ಇಣುಕುವಂತೆ ಕಟ್ಟಿದೆ. ಯಾಕೆ ಗೊತ್ತೆ? ತಗಡು ನೇತಾಡಬೇಕು. ಮಲಗಿಸಿದ ತುಂಡಿನ ಮೇಲೆ ಏನಾದರೂ ಸರಿಯಾಗಿ ಹತ್ತೀತು ಎಂದು ನಿನ್ನ ಮಗಳಿಗೆ ನಂಬಿಕೆ ಬರಲಿಲ್ಲ.

ಫೋಟೋದಲ್ಲಿ ನೂರಾರು ಉಂಗುರ ಕಾಣುತ್ತವೆ. ಈ ದ್ರವದಲ್ಲಿ ಪದರ ಶುರುವಾಗುವುದೇ ಆ ಉಂಗುರಗಳಿಂದ. ಇದನ್ನು ನೋಡಿದ ಮೊದಲ ಕಣ್ಣು ನನ್ನದು. ನನ್ನ ಗೈಡ್ ಉಮಾಮಹೇಶ್ವರಿ ಮೇಡಂ ಮೂರು ದಿನ ಇದನ್ನೇ ನೋಡುತ್ತ ಕೂತಿದ್ದರು. ನನಗೆ ಹೆಮ್ಮೆಯಾಗಿದೆ, ನಿನಗೆ ತೋರಿಸದೆ ಇರಲು ಆಗಲಿಲ್ಲ.

ನಿನ್ನ
ಮೀನಾ


ಊರಿಗಾಂ
1 ಜುಲೈ 2024

ಮೀನಾಳಿಗೆ ಅಮ್ಮನ ಆಶೀರ್ವಾದ. ನನ್ನ ಕಿವಿಯೊಂದನ್ನು ಬಿಟ್ಟು ಇಲ್ಲಿ ಎಲ್ಲವೂ ಕ್ಷೇಮ.

ಕಾಗದ ಮೂರು ಸಲ ಓದಿದೆ. ಕಾಮಸಮುದ್ರದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಅರ್ಥವಾಗದೆ ಏನು? ಮೊದಲ ಸಲ ಅರ್ಧ ಅರ್ಥವಾಯಿತು, ಎರಡನೆಯ ಸಲ ಮುಕ್ಕಾಲು. ಮೂರನೆಯ ಸಲ ಓದುವಾಗ ನಿನಗೇ ಕಾಲು ಭಾಗ ಗೊತ್ತಿಲ್ಲವೇನೋ ಎಂದು ಅನುಮಾನ ಬಂತು. ನಿಮ್ಮ ತಾತ ಮೂವತ್ತು ವರ್ಷ ಇಲ್ಲಿನ ಚಿನ್ನದ ಗಣಿಗೆ ಇಳಿದರೂ ಮೂಗುತಿಯಷ್ಟು ಚಿನ್ನ ಕೈಯಲ್ಲಿ ಹಿಡಿಯಲಿಲ್ಲ. ಊರಿಗಾಂನಲ್ಲಿ ಹುಟ್ಟಿದ ನೀನು ಚಿನ್ನ ಮುಟ್ಟಲು ಪುಣೆಗೆ ಹೋಗಬೇಕಾಯಿತು. ನಿಮ್ಮಪ್ಪ ಇದನ್ನು ಬಸ್ಸಿನಲ್ಲಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದಾರೆ.

ಫೋಟೋಕ್ಕೆ ಬಂಗಾರಪೇಟೆ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಕಟ್ಟು ಹಾಕಿಸಿದೆ. ಅಂಗಡಿಯವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ, "ಇದ್ಯಾವ ದೇವ್ರಮ್ಮ?" ಎಂದ. "ದೇವ್ರಲ್ಲಪ್ಪ, ನನ್ ಮಗ್ಳು ಮಾಡಿರೋದು" ಎಂದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ರೈಲಿನಲ್ಲಿ ಹಿಂದಿನ ಸ್ಟೇಷನ್ನಾದ ಚಾಂಪಿಯನ್‌ನಿಂದ ಬರುವ ಹೆಂಗಸರಿಗೆಲ್ಲ ತೋರಿಸಿದೆ. ಅವರಿಗೆ ಏನು ಅರ್ಥವಾಯಿತೋ ಕಾಣೆ, ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಈಗ ಅದು ನಮ್ಮ ಶಾಪಿನ ತಂತಿ ಕಟ್ಟುವ ಕೋಣೆಯಲ್ಲಿ, ಗಡಿಯಾರದ ಕೆಳಗೆ ತೂಗುತ್ತಿದೆ. ಬೆಳಿಗ್ಗೆ ಮೊದಲ ತಗಡು ತೊಟ್ಟಿಗೆ ಇಳಿಸಿ ಬಂದು ಎಲ್ಲರೂ ಸಾಲಾಗಿ ನಿಂತು ನೋಡಿದರು. ಶ್ಯಾಮಲ ಹತ್ತಿರ ಹೋಗಿ ನೋಡಿ, "ಬೋ ಚೆನ್ನಾಗೈತಕ್ಕ" ಎಂದು ಬೇಗ ಬೇಗ ಕೆಲಸಕ್ಕೆ ಕೂತಳು. ನಮ್ಮ ಸಾವ್ಕಾರರು ಮುನಿಸ್ವಾಮಪ್ಪನವರು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಓದ್ಸಿದ್ದು ಸಾರ್ಥಕ ಆಯ್ತು ಬಿಡು ಅಮ್ಮಾಜಮ್ಮ" ಎಂದು ಹೊರಟುಹೋದರು. ಆ ದಿನ ನನಗೆ ಊಟವೂ ಬೇಕಾಗಲಿಲ್ಲ.

ಒಂದು ಸಣ್ಣ ಮಾತು. ಉಂಗುರಗಳಿಗೆ ಪುಟ್ಟ ಬಾಲ ಇದೆಯಲ್ಲ, ಎಲ್ಲವೂ ಒಂದೇ ಕಡೆಗೆ. ಫೋಟೋದಲ್ಲಿ ಯಾವುದು ಮೇಲು, ಯಾವುದು ಕೆಳಗು? ಕಟ್ಟು ಹಾಕುವವನು ತಲೆಕೆಳಗು ಮಾಡಿದನೋ ಏನೋ ಎಂದು ಕೇಳಿದೆ, ಬೇರೇನಿಲ್ಲ.

ಇಂತು
ನಿನ್ನ ಅಮ್ಮ
ಅಮ್ಮಾಜಮ್ಮ


ಪುಣೆ
16 ಜುಲೈ 2024

ಅಮ್ಮ,

ನಿನ್ನ ಕಾಗದವನ್ನು ಮೇಡಂಗೆ ಓದಿ ಅರ್ಥ ಹೇಳಿದೆ. "ಇದ್ಯಾವ ದೇವ್ರಮ್ಮ" ಎಂಬಲ್ಲಿ ಅವರು ಕುರ್ಚಿಯಿಂದ ಎದ್ದು ನಕ್ಕರು.

ಸಿಹಿಸುದ್ದಿ ಎರಡಿವೆ. ಉಂಗುರಗಳ ಮೇಲಿನ ನಮ್ಮ ಪ್ರಬಂಧ ಪತ್ರಿಕೆಗೆ ಹೋಯಿತು. ಮತ್ತೆ ಸೆಪ್ಟೆಂಬರ್ 20ಕ್ಕೆ ಹೈದರಾಬಾದಿನಲ್ಲಿ ವಿಜ್ಞಾನಿಗಳ ಸಭೆ, ಅಲ್ಲಿ ಇಪ್ಪತ್ತು ನಿಮಿಷ ನಾನೇ ಮಾತಾಡಬೇಕು. ಸಾಮಾನ್ಯವಾಗಿ ಗೈಡುಗಳು ಮಾತಾಡುತ್ತಾರೆ. ಮೇಡಂ, "ನೋಡಿದ ಕಣ್ಣು ನಿನ್ನದು, ಬಾಯಿಯೂ ನಿನ್ನದೇ ಇರಲಿ" ಎಂದರು. ನನ್ನ ಡಾಕ್ಟರೇಟಿನ ಅರ್ಧಭಾಗ ಈ ಉಂಗುರಗಳ ಮೇಲೇ ನಿಂತಿದೆ.

ಬಾಲದ ಪ್ರಶ್ನೆಗೆ ಉತ್ತರ: ತಗಡನ್ನು ಉಜ್ಜಿ ಹೊಳಪು ಮಾಡುವಾಗ ಸಣ್ಣ ಗೆರೆಗಳು ಬೀಳುತ್ತವೆ, ಬಾಲಗಳು ಆ ಗೆರೆಗಳ ದಿಕ್ಕಿಗೇ ಇವೆ. ಮೇಲು ಕೆಳಗು ಏನೂ ಇಲ್ಲ. ಹೇಗೆ ತೂಗುಹಾಕಿದರೂ ಚೆಂದ.

ಇಲ್ಲಿ ಬಿಡದೆ ಮಳೆ. ಬಟ್ಟೆ ಒಣಗುವುದಿಲ್ಲ, ಮೆಸ್ಸಿನ ಉಪ್ಪೆಲ್ಲ ನೀರು ಕುಡಿದು ಗಂಜಿಯಾಗಿದೆ. ಬಂಗಾರಪೇಟೆಯ ಪಾನಿಪುರಿ ಕನಸಿನಲ್ಲಿ ಬರುತ್ತಿದೆ.

ಮೀನಾ


ಊರಿಗಾಂ
2 ಆಗಸ್ಟ್ 2024

ಮೀನಾಳಿಗೆ ಆಶೀರ್ವಾದ.

ಸುದ್ದಿ ತಿಳಿದು ಸಂತೋಷ. ಇಲ್ಲಿ ಗಾಳಿ ಹೆಚ್ಚು, ಹಳೆಯ ಗಣಿಯ ಸೈನೈಡ್ ದಿಬ್ಬದ ದೂಳು ಮನೆಯೊಳಗೆಲ್ಲ ತುಂಬುತ್ತಿದೆ, ದಿನಕ್ಕೆ ಮೂರು ಸಲ ಗುಡಿಸುತ್ತೇನೆ. ನಿಮ್ಮಪ್ಪನಿಗೆ ಶೀತ. ಹುಣಸೆಹಣ್ಣಿನ ಗೊಜ್ಜು ಕಳಿಸುತ್ತೇನೆ, ಹಾಸ್ಟೆಲಿನಲ್ಲಿ ಹುಷಾರಾಗಿ ಮುಚ್ಚಿಡು.

ಮಾತಾಡುವ ದಿನಕ್ಕೆ ಹಸಿರು ಸೀರೆ ಉಟ್ಟುಕೋ.

ಅಮ್ಮ


ಊರಿಗಾಂ
23 ಆಗಸ್ಟ್ 2024

ಮೀನಾ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಮ್ಮ ಶಾಪಿನ ಕವಿತ ಗೊತ್ತಲ್ಲ, ಚಾಂಪಿಯನ್‌ನಿಂದ ಬರುವವಳು. ತುಂಡು ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವುದನ್ನು ಅವಳಿಗೆ ಕಲಿಸಿದವಳು ನಾನೇ. ಹೆರಿಗೆ ರಜೆ ಮುಗಿಸಿ ಮೊನ್ನೆ ಸೋಮವಾರ ಬಂದಳು. ಟಿಫನ್ ಡಬ್ಬಿ ಇಟ್ಟು ತಲೆಯೆತ್ತಿ ಫೋಟೋ ನೋಡಿದಳು. "ಅಕ್ಕಾ, ರಿಜೆಕ್ಟ್ ಪೀಸ್ ಫೋಟೋನ ಇಷ್ಟು ದೊಡ್ದಾಗಿ ಕಟ್ಟಾಕ್ಸಿದೀರಾ? ಒಸಬ್ರಿಗೆ ತೋರ್ಸಕ್ಕೆ ತಾನೆ? ನಲ್ಲಾ ಐಡಿಯಾ ಅಕ್ಕಾ" ಎಂದು ಅರ್ಧ ತಮಿಳಿನಲ್ಲಿ ಮೆಚ್ಚಿದಳು.

ನನ್ನ ಕಿವಿಗೆ ಬೀಳಲಿ ಎಂದು ಅವಳು ಕೂಗಿ ಹೇಳಿದ್ದು ಇಡೀ ಕೋಣೆಗೆ ಕೇಳಿಸಿತು. ಶ್ಯಾಮಲ ತಂತಿ ಸುತ್ತುತ್ತಿದ್ದ ಕೈ ಹಾಗೇ ನಿಲ್ಲಿಸಿದಳು, ತಲೆ ಎತ್ತಲಿಲ್ಲ. ಆಗ ತಿಳಿಯಿತು ನನಗೆ. ಕೋಣೆಯಲ್ಲಿದ್ದವರೆಲ್ಲ ಹದಿನೈದು ಇಪ್ಪತ್ತು ವರ್ಷ ತುಂಡು ನೋಡಿದ ಕಣ್ಣಿನವರು. ಅವರೆಲ್ಲ ಮೊದಲ ದಿನವೇ ನೋಡಿದ್ದರು. ಮುನಿಸ್ವಾಮಪ್ಪನವರೂ ನೋಡಿದ್ದರು, ಅದಕ್ಕೇ ಕನ್ನಡಕ ಒರೆಸಿದ್ದು. ನನ್ನ ಮುಖ ನೋಡಿ ಎಲ್ಲರೂ ಬಾಯಿ ಕಟ್ಟಿಕೊಂಡಿದ್ದರು.

ಅವರ ಮಾತು ಬಿಡು. ನಾನೂ ಮೊದಲ ದಿನವೇ ನೋಡಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆಗ್ಗಣ ಎಂದು ಗೊತ್ತಿದ್ದೂ ಮುದ್ದಾಡಿದೆ. ತಂತಿ ಕಟ್ಟುವವಳು ನಾನು, ಡಾಕ್ಟರಾಗುವವಳು ನೀನು, ನಾನೇನು ಹೇಳಲಿ ಎಂದು ಬಾಲದ ಪ್ರಶ್ನೆಯನ್ನು ಕಟ್ಟು ಹಾಕುವವನ ತಲೆಗೆ ಕಟ್ಟಿ ಕೇಳಿದೆ. ನೇರವಾಗಿ ಕೇಳುವ ಧೈರ್ಯ ಬರಲಿಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

ಈಗ ನೇರವಾಗಿ ಹೇಳುತ್ತೇನೆ. ನಿನ್ನ ಉಂಗುರಗಳು ಗುಳ್ಳೆಯ ಗುರುತು. ತೊಟ್ಟಿಯಲ್ಲಿ ಕರೆಂಟು ಹರಿಯುವಾಗ ತುಂಡಿನ ಮೈಮೇಲೆ ಗಾಳಿಗುಳ್ಳೆ ಏಳುತ್ತದೆ. ಬೇಗ ಕಳಚಿ ಹೋದರೆ ಸರಿ. ಅಂಟಿಕೊಂಡು ಕೂತರೆ ಅದರ ಅಡಿಯಲ್ಲಿ ಏನೂ ಹತ್ತುವುದಿಲ್ಲ, ಸುತ್ತ ಹತ್ತುತ್ತದೆ, ಉಂಗುರವಾಗುತ್ತದೆ. ಕೊನೆಗೆ ಗುಳ್ಳೆ ಮೇಲಕ್ಕೆ ಜಾರಿ ಹೋಗುವಾಗ ದಾರಿಯುದ್ದಕ್ಕೂ ಗೆರೆ ಬಿಡುತ್ತದೆ, ಅದೇ ಬಾಲ. ಬಾಲ ಯಾವಾಗಲೂ ಮೇಲ್ಮುಖ, ಯಾಕೆಂದರೆ ಗುಳ್ಳೆ ಕೆಳಗೆ ಇಳಿದದ್ದನ್ನು ಯಾರೂ ಕಂಡಿಲ್ಲ.

ನನ್ನ ಮಾತು ನಂಬಬೇಡ. ಮುಂದಿನ ತಗಡನ್ನು ಅಡ್ಡ ತಿರುಗಿಸಿ ನೇತುಹಾಕು. ಬಾಲಗಳು ಉಜ್ಜಿದ ಗೆರೆಯವಾದರೆ ತಗಡಿನ ಜೊತೆ ಅವೂ ಅಡ್ಡ ತಿರುಗುತ್ತವೆ. ಗುಳ್ಳೆಯವಾದರೆ ನೀನು ಹೇಗೆ ತಿರುಗಿಸಿದರೂ ಮೇಲಕ್ಕೇ ಇರುತ್ತವೆ.

ಯಾಕೆ ಹೇಳುತ್ತಿದ್ದೇನೆಂದರೆ, ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಸೈಕಲ್ ಹ್ಯಾಂಡಲ್ಲಿನ ಒಂದು ಲಾಟಿನಲ್ಲಿ ಇದೇ ಗುರುತು ಕಂಡಿತ್ತು. ಆಗಿನ ಸೂಪರ್‌ವೈಸರ್ ಪಾಸು ಮಾಡಿದರು. ಹೊಸಬಳು, ದೊಡ್ಡವರು ನೋಡಿಯಾಗಿದೆ ಎಂದು ಸುಮ್ಮನಿದ್ದೆ. ಆರು ತಿಂಗಳಿಗೆ ಇಡೀ ಲಾಟು ತುಕ್ಕು ಹಿಡಿದು ವಾಪಸು ಬಂತು. ಆ ದಿನ ಸುಮ್ಮನಿದ್ದದ್ದು ಇವತ್ತಿಗೂ ಕೊರೆಯುತ್ತದೆ. ನಿನ್ನ ವಿಷಯದಲ್ಲೂ ಸುಮ್ಮನಿದ್ದರೆ ನಾನು ಯಾವ ಸೀಮೆಯ ತಾಯಿ?

ಸಭೆಗೆ ಇನ್ನೂ ಇಪ್ಪತ್ತೆಂಟು ದಿನ ಇದೆ.

ಅಮ್ಮ


ಪುಣೆ
3 ಸೆಪ್ಟೆಂಬರ್ 2024

ಅಮ್ಮ,

ನಿನ್ನ ತೊಟ್ಟಿ ಬೇರೆ, ನನ್ನ ಡಬ್ಬಿ ಬೇರೆ. ನಿಮ್ಮಲ್ಲಿ ಗುಳ್ಳೆ ಏಳುವುದು ನೀರು ಒಡೆದು. ನನ್ನ ದ್ರವದಲ್ಲಿ ನೀರೇ ಇಲ್ಲ. ಏಪ್ರಿಲ್‌ನಲ್ಲಿ ಒಣಗಿಸಿ ಮುಚ್ಚಿಟ್ಟದ್ದು. ನೀರಿಲ್ಲದ ಕಡೆ ಗುಳ್ಳೆ ಎಲ್ಲಿಂದ ಬರಬೇಕು?

ಉಂಗುರದ ಮೇಲೆ ಮೂವರು ಪ್ರೊಫೆಸರುಗಳು ಕಣ್ಣಾಡಿಸಿದ್ದಾರೆ. ಇದು ನಲ್ಲಿಗೆ ನಿಕಲ್ ಹಾಕಿದಷ್ಟು ಸುಲಭದ ಕೆಲಸವಲ್ಲ. ಸಭೆ ಮುಗಿಯುವವರೆಗೆ ದಯವಿಟ್ಟು ಈ ವಿಷಯ ಬರೆಯಬೇಡ. ನನಗೆ ಓದುವ ಮನಸ್ಸಿಲ್ಲ.

ಮೀನಾ


ಬೇತಮಂಗಲ ಬಸ್‌ಸ್ಟ್ಯಾಂಡ್
10 ಸೆಪ್ಟೆಂಬರ್ 2024

ಮಗ್ಳು ಮೀನಾಗೆ ನಿಮ್ಮಪ್ಪ ರಾಮಚಂದ್ರಪ್ಪ ಬರೆಯೋದು.

ನಾನು ಕಾಗ್ದ ಬರ್ದು ಇಪ್ಪತ್ ವರ್ಷ ಆಯ್ತು, ತಪ್ಪಿದ್ರೆ ನಗಬ್ಯಾಡ. ಟ್ರಿಪ್ಪಿಗೆ ಇನ್ನಾ ಅರ್ಧ ಗಂಟೆ ಐತೆ, ಅದ್ಕೇ ಕುಂತು ಬರೀತಿವ್ನಿ. ನಿಮ್ಮಮ್ಮಂಗೆ ಗೊತ್ತಿಲ್ಲ.

ಅವ್ಳು ಊಟ ಬಿಟ್ಟಿಲ್ಲ, ಕೆಲ್ಸ ಬಿಟ್ಟಿಲ್ಲ, ಮಾತು ಬಿಟ್ಟವ್ಳೆ. ನಿನ್ ಕಾಗ್ದ ಓದಿ ಮಡ್ಚಿ ಅಕ್ಕಿ ಡಬ್ಬಿ ಕೆಳಗಿಟ್ಟವ್ಳೆ. ಬಯ್ಯಲಿಲ್ಲ. ಒಂದೇ ಮಾತು ಅಂದ್ಲು. "ಅವ್ಳ ಡಬ್ಬಿ ಒಳಗಿನ್ ಎಣ್ಣೇನೂ ಉಪ್ಪೇ ಅಂತ ಅವ್ಳೇ ಬರ್ದವ್ಳೆ. ಮಳೆಗೆ ಮೆಸ್ಸಿನ್ ಉಪ್ಪು ನೀರ್ ಕುಡ್ದೈತೆ ಅಂತಾನೂ ಅವ್ಳೇ ಬರ್ದವ್ಳೆ. ನೀರು ಇಲ್ಲ ಅಂತ ಎಂಗೆ ಏಳ್ತಾಳೆ?" ಅಂದ್ಲು. ನಂಗೆ ಒಂದೂ ಅರ್ಥ ಆಗ್ಲಿಲ್ಲ. ನಿಂಗೆ ಆಗ್ತೈತೇನೋ ಅಂತ ಅಂಗೇ ಬರ್ದಿವ್ನಿ, ಒಗ್ಗರಣೆ ಆಕಿಲ್ಲ.

ಅಮ್ಮನ್ ಮಾತು ಕೇಳು ಅಂತ ನಾನು ಏಳಾಕಿಲ್ಲ. ಗಾಡಿ ಓಡ್ಸೋನು ಒಂದ್ ಮಾತು ಏಳ್ತೀನಿ. ಬ್ರೇಕ್ ಸರಿ ಐತೆ ಅಂತ ಗೊತ್ತಿದ್ರೂವೆ ಇಳಿಜಾರಿಗ್ ಮುಂಚೆ ಒಂದ್ಸಲ ಒತ್ತಿ ನೋಡ್ತೀನಿ. ನೀನೂ ಆ ತಗಡು ಒಂದ್ಸಲ ತಿರುಗ್ಸಿ ನೋಡವ್ವ.

ನಿಮ್ಮಪ್ಪ


ಹೈದರಾಬಾದ್
21 ಸೆಪ್ಟೆಂಬರ್ 2024

ಅಮ್ಮ,

ಅಪ್ಪನ ಕಾಗದ ಸೋಮವಾರ ಬಂತು. ಉಪ್ಪಿನ ಮಾತು ಓದಿದವಳೇ ಲ್ಯಾಬಿಗೆ ಓಡಿದೆ. ದ್ರವದ ಸೀಸೆ ತೆಗೆದು ನೋಡಿದರೆ ಮುಚ್ಚಳದೊಳಗಿನ ರಬ್ಬರು ಬಿರಿದಿತ್ತು. ನೀರು ಅಳೆಯುವ ಯಂತ್ರಕ್ಕೆ ಒಂದು ಹನಿ ಹಾಕಿದೆ. ಏಪ್ರಿಲ್‌ನಲ್ಲಿ ಇದ್ದದ್ದಕ್ಕಿಂತ ನಲವತ್ತು ಪಟ್ಟು ನೀರು. ಜೂನ್‌ನಿಂದ ನನ್ನ ಉಪ್ಪು ಪುಣೆಯ ಮಳೆ ಕುಡಿಯುತ್ತ ಕೂತಿತ್ತು. ಆ ಸೀಸೆ ತೆಗೆಯುವವಳು ನಾನು, ಮುಚ್ಚುವವಳು ನಾನು. ತಪ್ಪು ನನ್ನದೇ.

ಆಮೇಲೆ ತಗಡನ್ನು ಅಡ್ಡ ತಿರುಗಿಸಿ ನೇತುಹಾಕಿದೆ. ಹತ್ತು ನಿಮಿಷಕ್ಕೆ ಉಂಗುರ ಬಂದವು. ಉಜ್ಜಿದ ಗೆರೆಗಳು ಅಡ್ಡ ಇದ್ದವು, ಬಾಲಗಳು ಮೇಲಕ್ಕೇ ಇದ್ದವು. ತಲೆಕೆಳಗು ಮಾಡಿದೆ, ಆಗಲೂ ಮೇಲಕ್ಕೇ.

ಮೇಡಂಗೆ ಎಲ್ಲ ಹೇಳಿ ತೋರಿಸಿದೆ. ಅವರು ಒಂದು ಗಂಟೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ತಾವೇ ಕೂತು ಪ್ರಬಂಧ ವಾಪಸು ಪಡೆಯುವ ಪತ್ರ ಬರೆದರು. "ಹೈದರಾಬಾದಿಗೆ ಹೋಗದಿದ್ದರೂ ನಡೆಯುತ್ತದೆ" ಎಂದರು. ಹೋಗುತ್ತೇನೆ ಎಂದೆ.

ನಿನ್ನೆ ಹಸಿರು ಸೀರೆ ಉಟ್ಟು ನಿಂತೆ. ಮೊದಲು ಉಂಗುರಗಳನ್ನು ತೋರಿಸಿದೆ. ಇನ್ನೂರು ಜನರ ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು. ಆಮೇಲೆ ತಿರುಗಿಸಿದ ತಗಡು ತೋರಿಸಿ, ನಾನು ನೋಡಿದ್ದು ತಪ್ಪು, ಇವು ಗುಳ್ಳೆ ಎಂದೆ. ಕೊನೆಗೆ ಮುಂದಿನ ಸಾಲಿನಿಂದ ವಯಸ್ಸಾದ ವಿಜ್ಞಾನಿಯೊಬ್ಬರು ಕೇಳಿದರು: ತಿರುಗಿಸಿ ನೋಡಬೇಕೆಂದು ನಿಮಗೆ ಹೇಗೆ ಹೊಳೆಯಿತು?

ಆ ಕ್ಷಣ ಏನು ಬೇಕಾದರೂ ಹೇಳಬಹುದಿತ್ತು. "ನನಗೆ ಹೊಳೆಯಲಿಲ್ಲ. ನನ್ನ ತಾಯಿ ಬಂಗಾರಪೇಟೆಯ ಒಂದು ಪ್ಲೇಟಿಂಗ್ ಶಾಪಿನಲ್ಲಿ ಇಪ್ಪತ್ತಮೂರು ವರ್ಷದಿಂದ ತುಂಡುಗಳನ್ನು ಪರೀಕ್ಷೆ ಮಾಡುತ್ತಿದ್ದಾರೆ. ಫೋಟೋ ನೋಡಿ ಅವರು ಹೇಳಿದರು" ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ನಲ್ಲಿಗೆ ನಿಕಲ್ ಹಾಕಿದಷ್ಟು ಸುಲಭವಲ್ಲ ಎಂದು ಬರೆದೆನಲ್ಲ, ಆ ಸಾಲನ್ನು ನೆನೆದರೆ ನೆಲ ಬಗೆದು ಹೋಗಬೇಕೆನಿಸುತ್ತದೆ. ನನ್ನನ್ನು ಓದಿಸಿದ್ದು ಆ ನಲ್ಲಿಗಳೇ. ಕ್ಷಮಿಸು.

ಈಗ ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ಮೊದಲಿನಿಂದ ಶುರುಮಾಡಬೇಕು.

ಮೀನಾ


ಊರಿಗಾಂ
4 ಅಕ್ಟೋಬರ್ 2024

ನನ್ನ ಮೀನಾಳಿಗೆ,

ಕ್ಷಮಿಸುವ ಮಾತು ಬಿಡು. ನೀನು ಆ ಸಾಲು ಬರೆದದ್ದಕ್ಕೆ ಸಿಟ್ಟು ಬಂದಿತ್ತು, ಇಲ್ಲವೆನ್ನುವುದಿಲ್ಲ. ಅಕ್ಕಿ ಡಬ್ಬಿಯ ಕೆಳಗಿಟ್ಟೆ, ಡಬ್ಬಿಯ ಭಾರಕ್ಕೆ ಅದು ಚಪ್ಪಟೆಯಾಗಿದೆ. ನಿಮ್ಮಪ್ಪ ಕದ್ದು ಕಾಗದ ಬರೆದದ್ದು ಈಗ ಗೊತ್ತಾಯಿತು. ಮನೆಯಲ್ಲಿ ಒಬ್ಬ ಲೇಖಕ ಇದ್ದಾನೆಂದು ಇಷ್ಟು ದಿನ ತಿಳಿದಿರಲಿಲ್ಲ.

ನಿನ್ನ ಕಾಗದವನ್ನು ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಸಭೆಯ ಭಾಗ ಬಂದಾಗ ಶ್ಯಾಮಲ "ಇನ್ನೊಂದ್ಸಲ ಓದಕ್ಕ" ಎಂದಳು. ಮುನಿಸ್ವಾಮಪ್ಪನವರು ಬಾಗಿಲಲ್ಲೇ ನಿಂತು ಕೇಳಿ, "ನಮ್ ಶಾಪ್ ಎಸ್ರು ಏಳಿದ್ರೆ ಇನ್ನಾ ಚೆನ್ನಾಗಿರ್ತಿತ್ತು" ಎಂದು ನನಗೂ ಕೇಳುವಷ್ಟು ಜೋರಾಗಿ ಗೊಣಗಿದರು. ಕವಿತ ಮಾತ್ರ ಮೂಲೆಯಲ್ಲಿ ಕೂತು ಅಳುತ್ತಿದ್ದಳು, ತನ್ನಿಂದ ನಿನ್ನ ಕೆಲಸ ಕೆಟ್ಟಿತೆಂದು. "ನೀನು ಕೆಡಿಸಿಲ್ಲ ಕಣೇ, ಕಾಪಾಡಿದೆ" ಎಂದು ತಲೆ ಸವರಿದೆ.

ಏನೂ ಉಳಿದಿಲ್ಲ ಅನ್ನುತ್ತೀಯಲ್ಲ, ಒಂದು ಮಾತು ಕೇಳು. ನಾವು ಬೆಳಿಗ್ಗೆ ಬಂದ ಕೂಡಲೇ ನಲ್ಲಿ ಇಳಿಸುವುದಿಲ್ಲ. ಒಂದು ಹಳೆಯ ಸುಕ್ಕು ತಗಡು ಇದೆ, ಅದನ್ನು ಇಳಿಸಿ, ಕರೆಂಟು ಸಣ್ಣಗಿಟ್ಟು ಎರಡು ಗಂಟೆ ಬಿಡುತ್ತೇವೆ. ತೊಟ್ಟಿಯಲ್ಲಿ ಸೇರಿದ ಹೊಲಸೆಲ್ಲ ಅದರ ಮೈಗೆ ಹತ್ತಿ ಕರ್ರಗಾಗಿ ಮೇಲೆ ಬರುತ್ತದೆ. ಆ ತಗಡನ್ನು ಯಾರೂ ಲಾಟಿಗೆ ಸೇರಿಸುವುದಿಲ್ಲ, ಯಾರೂ ಬಯ್ಯುವುದೂ ಇಲ್ಲ. ಅದು ತೊಟ್ಟಿಯ ಪಾಲು, "ಮೊದಲ ತಗಡು ತೊಟ್ಟಿಗೆ" ಎನ್ನುತ್ತೇವೆ. ಆಮೇಲೆ ಇಳಿದದ್ದು ಹೊಳೆಯುವುದು ಅದರಿಂದಲೇ.

ನಿನ್ನದೂ ಮೊದಲ ತಗಡು ತೊಟ್ಟಿಗೆ ಹೋಯಿತು. ಇನ್ನೇನು, ಎರಡನೆಯದನ್ನು ಇಳಿಸು.

ಇನ್ನೂರು ವಿಜ್ಞಾನಿಗಳ ಮುಂದೆ ತಪ್ಪು ಎಂದು ಹೇಳಲು ಎಷ್ಟು ಎದೆ ಬೇಕು ಎಂದು ನನಗೆ ಗೊತ್ತು. ನಾನು ಒಬ್ಬ ಸೂಪರ್‌ವೈಸರ್ ಮುಂದೆ ಹೇಳಲಾರದೆ ಹೋದವಳು. ಉಂಗುರದ ಫೋಟೋ ಬಂದ ದಿನ ಹೆಮ್ಮೆಪಟ್ಟಿದ್ದೆ. ಇವತ್ತಿನದು ಅದಕ್ಕಿಂತ ಹತ್ತು ಪಟ್ಟು ಹೆಚ್ಚು.

ಅಮ್ಮ


ಪುಣೆ
20 ಜನವರಿ 2025

ಅಮ್ಮ,

ಮೂರು ತಿಂಗಳು ಸರಿಯಾಗಿ ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಸೀಸೆಗೆ ಹೊಸ ರಬ್ಬರು ಹಾಕಿದೆ. ದ್ರವವನ್ನು ಎರಡು ದಿನ ಬಿಸಿಯಲ್ಲಿಟ್ಟು ಗಾಳಿ ಎಳೆದು ಒಣಗಿಸಿದೆ. ಡಬ್ಬಿಯನ್ನು ಹೊರಗಾಳಿ ನುಸುಳದ ಗಾಜಿನ ಪೆಟ್ಟಿಗೆಯೊಳಗೆ ಇಟ್ಟೆ. ಇಷ್ಟು ಮಾಡಿದರೂ ಅಲ್ಲೊಂದು ಇಲ್ಲೊಂದು ಉಂಗುರ ಬರುತ್ತಲೇ ಇತ್ತು. ಆಗ ನಿನ್ನ ಸುಕ್ಕು ತಗಡು ನೆನಪಾಯಿತು. ಬೇಡದ ಒಂದು ತಗಡನ್ನು ಮೊದಲು ಇಳಿಸಿ, ಕರೆಂಟು ಸಣ್ಣಗಿಟ್ಟು ಎರಡು ಗಂಟೆ ಬಿಟ್ಟೆ. ಉಳಿದಿದ್ದ ಚೂರುಪಾರು ನೀರೆಲ್ಲ ಅದರ ಮೇಲೆಯೇ ಒಡೆದು ಹೋಯಿತು. ನಮ್ಮ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಆ ಹಂತಕ್ಕೆ "ತೊಟ್ಟಿಯ ತಗಡು" ಎಂದೇ ಬರೆದಿದ್ದೇನೆ. ಮರಾಠಿ ಹುಡುಗರೂ ಹಾಗೇ ಕರೆಯುತ್ತಾರೆ.

ಎರಡನೆಯ ತಗಡು ಇಳಿಸಿ ಕಣ್ಣಿಟ್ಟು ಕೂತೆ. ಮೊದಲ ನಿಮಿಷ ಏನೂ ಇಲ್ಲ. ಆಮೇಲೆ ಚಿನ್ನದ ಹಳದಿ ಇಡೀ ಮೈಯಲ್ಲಿ ಒಮ್ಮೆಗೇ ಮಂಕಾಗುತ್ತ ಬಂತು, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ. ಎಲ್ಲೂ ಚುಕ್ಕೆಯಿಲ್ಲ, ಉಂಗುರವಿಲ್ಲ. ಪದರ ಒಂದು ಮೂಲೆಯಿಂದ ಶುರುವಾಗುವುದಿಲ್ಲ ಅಮ್ಮ, ಎಲ್ಲ ಕಡೆಯೂ ಒಟ್ಟಿಗೇ ಶುರುವಾಗುತ್ತದೆ. ಹನ್ನೊಂದು ಸಲ ಮಾಡಿದೆ, ಹನ್ನೊಂದು ಸಲವೂ ಹಾಗೇ. ಬೇಕೆಂದೇ ಒಂದು ತೊಟ್ಟು ನೀರು ಸೇರಿಸಿದರೆ ಉಂಗುರ ಬರುತ್ತದೆ.

ಹೊಸ ಪ್ರಬಂಧ ಕಳಿಸಿದ್ದೇವೆ. ಕೊನೆಯಲ್ಲಿ ನೆರವಾದವರನ್ನು ನೆನೆಯುವ ಸಾಲಿದೆ, ಅದರಲ್ಲಿ ಮೊದಲ ಹೆಸರು ಅಮ್ಮಾಜಮ್ಮ, ಊರಿಗಾಂ. ಎರಡನೆಯದು ಕವಿತ. ಮೇಡಂ ಓದಿ ಒಂದಕ್ಷರವನ್ನೂ ತಿದ್ದಲಿಲ್ಲ.

ಹೊಸ ಫೋಟೋ ಇಟ್ಟಿದ್ದೇನೆ. ನೋಡಲು ಏನೂ ಇಲ್ಲ, ಬರೀ ಬೂದು ಬಣ್ಣ. ಹಳೆಯದನ್ನು ಬಿಸಾಡು, ಇದನ್ನು ಪೆಟ್ಟಿಗೆಯಲ್ಲಿಡು. ತೂಗುಹಾಕುವಂಥದ್ದಲ್ಲ.

ನಿನ್ನ
ಮೀನಾ


ಊರಿಗಾಂ
9 ಫೆಬ್ರುವರಿ 2025

ನನ್ನ ಮೀನಾಳಿಗೆ ಅಮ್ಮನ ಆಶೀರ್ವಾದ.

ಏನು ತೂಗುಹಾಕಬೇಕು, ಏನು ಪೆಟ್ಟಿಗೆಯಲ್ಲಿಡಬೇಕು ಎಂದು ನೀನು ನನಗೆ ಹೇಳಬೇಡ.

ಫೋಟೋವನ್ನು ಮೊದಲು ಶಾಪಿಗೆ ಒಯ್ದೆ, ಕಟ್ಟು ಹಾಕಿಸದೆ ಹಾಗೇ. ಮೇಜಿನ ಮೇಲೆ, ದೊಡ್ಡ ಬಲ್ಬಿನ ಕೆಳಗಿಟ್ಟು, "ಈ ಸಲ ಯಾರೂ ಮುಖ ನೋಡಿ ಮಾತಾಡ್ಬಾರ್ದು. ತುಂಡು ನೋಡ್ದಂಗೆ ನೋಡಿ" ಎಂದೆ. ಕವಿತ ಮೊದಲು ಬಂದಳು. ಅಡ್ಡ ಹಿಡಿದಳು, ಓರೆ ಹಿಡಿದಳು, ಭೂತಗನ್ನಡಿ ಹಿಡಿದು ಮೂಲೆ ಮೂಲೆ ಹುಡುಕಿದಳು. ಹದಿನೈದು ನಿಮಿಷ ಬೇಕಾಯಿತು ಅವಳಿಗೆ. ಕೊನೆಗೆ ಶ್ಯಾಮಲಳಿಗೆ ದಾಟಿಸಿದಳು. ಹೀಗೆ ನನ್ನದೂ ಸೇರಿ ಆರು ಕೈ ದಾಟಿತು. ಮುನಿಸ್ವಾಮಪ್ಪನವರೂ ನೋಡಿದರು, ಈ ಸಲ ಕನ್ನಡಕ ಒರೆಸಲಿಲ್ಲ.

ಪಾಸಾದ ಲಾಟಿಗೆ ನಾವು ಒಂದು ಹಳದಿ ಚೀಟಿ ಕಟ್ಟುತ್ತೇವೆ, ತುಂಡು ಪರೀಕ್ಷೆ ಮಾಡುವ ಹೆಂಗಸರೆಲ್ಲ ಅದರ ಮೇಲೆ ಸಹಿ ಹಾಕಬೇಕು. ಕವಿತ ತಾನಾಗಿಯೇ ಹೋಗಿ ಚೀಟಿ ತಂದಳು. ಅವಳೂ ಶ್ಯಾಮಲಳೂ ಉಳಿದ ಮೂವರೂ ಸಹಿ ಹಾಕಿದರು. ಕೊನೆಯದು ನನ್ನದು. ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಚೀಟಿಗೆ ಸಹಿ ಹಾಕಿದ್ದೇನೋ, ಈ ಒಂದಕ್ಕೆ ಹಾಕುವಾಗ ಅಕ್ಷರ ಸೊಟ್ಟಗಾಯಿತು.

ಹಳೆಯ ಫೋಟೋವನ್ನು ಬಿಸಾಡಲಿಲ್ಲ. ಅದು ತೊಟ್ಟಿಯ ಪಕ್ಕದ ಗೋಡೆಯಲ್ಲಿ, ಸುಕ್ಕು ತಗಡು ನೇತುಹಾಕುವ ಮೊಳೆಯ ಹತ್ತಿರ ಇದೆ. ಹೊಸಬರಿಗೆ ಗುಳ್ಳೆಯ ಗುರುತು ತೋರಿಸಲು ಅಷ್ಟು ಚೆಂದದ ಫೋಟೋ ಎಲ್ಲಿ ಸಿಗಬೇಕು? ಕವಿತ ಹೇಳಿದ್ದು ನಿಜವಾಯಿತು.

ಹೊಸದನ್ನು ಮನೆಗೆ ತಂದೆ. ಸ್ಟೇಷನ್ ಎದುರಿನ ಅಂಗಡಿಯಲ್ಲೇ ಕಟ್ಟು ಹಾಕಿಸಿ, ಹಳದಿ ಚೀಟಿಯನ್ನೂ ಗಾಜಿನೊಳಗೆ ಸೇರಿಸಿ, ಬಾಗಿಲಿಗೆ ಎದುರಾಗಿ ತೂಗುಹಾಕಿದೆ. ನಿಮ್ಮಪ್ಪ ಡ್ಯೂಟಿ ಮುಗಿಸಿ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಅದರ ಮುಂದೆ ನಿಂತರು. ಹತ್ತಿರ ಹೋದರು, ಹಿಂದೆ ಬಂದರು, ಅಂಗಿಯ ತುದಿಯಿಂದ ಗಾಜು ಒರೆಸಿಯೂ ನೋಡಿದರು.

"ಏನೇ ಇದು? ಇದ್ರಾಗೆ ಏನೂ ಕಾಣಾಕಿಲ್ವಲ್ಲ?" ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗಿದರು.

"ಊಂ," ಎಂದೆ, "ಅದೇ ನನ್ ಮಗ್ಳು ಮಾಡಿರೋದು."

ಅಮ್ಮ